ಬಿಸಿ ಇಂಜಿನ್ ತೋರಿಸಿ ಮಾರುವವರಿದ್ದಾರೆ, ಎಚ್ಚರ: ನನ್ನ ಟ್ರಯಲ್ಸ್ ಬೈಕಿನ ಕಥೆ

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಫೋರ್ ಸ್ಟ್ರೋಕ್ ಟ್ರಯಲ್ಸ್ ಬೈಕ್ ನೋಡೋಕೆ ಹೋದರೆ, ಮೊದಲು ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ದುಡ್ಡಿನ ಮಾತೇ ಬೇಡ. ಅದು ತಣ್ಣಗಾಗುವವರೆಗೆ ಅಲ್ಲೇ ಕೂತಿರಿ, ಇಲ್ಲದಿದ್ದರೆ ವಾಪಸ್ ಬನ್ನಿ. ನಾನು ಎರಡೂ ಮಾಡಲಿಲ್ಲ. 2,900 ಪೌಂಡ್ ಕೊಟ್ಟು ಬಂದೆ. ಮೂರು ಲಕ್ಷ ರೂಪಾಯಿಗೂ ಜಾಸ್ತಿ. ಹೆಂಡತಿಗೆ ನಿಜ ಹೇಳೋಕೆ ನನಗೆ ಒಂದು ತಿಂಗಳು ಬೇಕಾಯಿತು.

ನಾನು ಸಕಲೇಶಪುರದ ಕಡೆಯವನು. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಆರು ವರ್ಷ ಆಯಿತು. ಇಲ್ಲಿ ಯಾರ್ಕ್‌ಷೈರ್ ಡೇಲ್ಸ್ ಬೆಟ್ಟಗಳಲ್ಲಿ ಭಾನುವಾರ ಭಾನುವಾರ ಟ್ರಯಲ್ಸ್ ಅನ್ನೋ ಬೈಕ್ ಸ್ಪರ್ಧೆ ನಡೆಯುತ್ತದೆ. ಒಮ್ಮೆ ಹೋಗಿ ನೋಡಿದೆ, ಅಷ್ಟೇ, ಹುಚ್ಚು ಹತ್ತಿತು. ಹಳ್ಳದ ಕಲ್ಲು, ಪಾಚಿ, ಕೆಸರು, ಮರದ ಬೇರು. ನಮ್ಮ ತೋಟದ ದಾರಿಯ ಹಾಗೇ ಇತ್ತು. ಇದರಲ್ಲಿ ಸ್ಪೀಡ್ ಲೆಕ್ಕಕ್ಕಿಲ್ಲ. ಸೆಕ್ಷನ್ ಅಂತ ಒಂದು ಸಣ್ಣ ಕಷ್ಟದ ದಾರಿ ಗುರುತು ಮಾಡಿರುತ್ತಾರೆ, ಅಬ್ಸರ್ವರ್ ಒಬ್ಬರು ನಿಂತು ನೋಡುತ್ತಾರೆ. ಒಂದು ಸಲ ಕಾಲು ಊರಿದರೆ ಒಂದು ಅಂಕ, ಎರಡು ಸಲ ಊರಿದರೆ ಎರಡು, ಅದಕ್ಕಿಂತ ಜಾಸ್ತಿ ಆದರೆ ಮೂರು. ಬಿದ್ದರೆ, ಹೊರಗೆ ಹೋದರೆ, ಕಾಲು ಊರಿ ಇಂಜಿನ್ ಆಫ್ ಆದರೆ ಐದು. ಕಡಿಮೆ ಅಂಕ ಬಂದವರು ಗೆದ್ದಂತೆ.

ಟ್ರಯಲ್ಸ್ ಅಂದ ತಕ್ಷಣ ಊರಲ್ಲಿ ಎಲ್ಲರೂ ‘ಆ ಬುಲೆಟ್ಟಾ?’ ಅಂತ ಕೇಳುತ್ತಾರೆ. 2019ರಲ್ಲಿ ನಮ್ಮಲ್ಲಿ ಆ ಹೆಸರಿನ ಬುಲೆಟ್ ಬಂದಿತ್ತು, ನಿಜ. ಅದು 180 ಕೆಜಿ ದಾಟಿದ ರಸ್ತೆ ಗಾಡಿ. ನಾನು ಹೇಳುತ್ತಿರುವುದು ಎಪ್ಪತ್ತು ಚಿಲ್ಲರೆ ಕೆಜಿಯದ್ದು. ಸೀಟೇ ಇರುವುದಿಲ್ಲ, ನಿಂತೇ ಓಡಿಸಬೇಕು. ಟ್ಯಾಂಕಿಗೆ ಎರಡು ಲೀಟರ್ ಹಿಡಿಯುತ್ತದೆ, ಅಷ್ಟೇ.

ಹೆಚ್ಚಿನವರ ಹತ್ತಿರ ಟೂ ಸ್ಟ್ರೋಕ್ ಇರುತ್ತದೆ. ಹಗುರ, ರಿಪೇರಿ ಸುಲಭ. ನನಗೆ ಮಾತ್ರ ಫೋರ್ ಸ್ಟ್ರೋಕೇ ಬೇಕಿತ್ತು. ಅಪ್ಪನ ಹತ್ತಿರ ಯೆಜ್ಡಿ ಇತ್ತು, ಮೈಸೂರಲ್ಲಿ ತಯಾರಾಗುತ್ತಿದ್ದ ಗಾಡಿ. ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸೋದು, ಆ ಹೊಗೆ, ಆ ಪ್ಲಗ್ ಉಜ್ಜೋದು, ಎಲ್ಲ ನೋಡಿ ಸಾಕಾಗಿತ್ತು. ಮೇಲಾಗಿ ಒದ್ದೆ ಕಲ್ಲಿನ ಮೇಲೆ ಫೋರ್ ಸ್ಟ್ರೋಕ್ ಚೆನ್ನಾಗಿ ಹಿಡಿಯುತ್ತದೆ, ಎಳೆತ ಮೆತ್ತಗೆ ಬರುತ್ತದೆ ಅಂತ ಎಲ್ಲರೂ ಹೇಳಿದರು. ಅದು ಸುಳ್ಳೂ ಅಲ್ಲ. 1982ರಿಂದ 84ರವರೆಗೆ ಬೆಲ್ಜಿಯಂನ ಎಡ್ಡಿ ಲೆಜುನ್ ಮೂರು ವರ್ಷ ವಿಶ್ವ ಚಾಂಪಿಯನ್ ಆಗಿದ್ದು ಹೋಂಡಾದ ಫೋರ್ ಸ್ಟ್ರೋಕ್ ಮೇಲೆ. ಸ್ಪೇನಿನ ಟೋನಿ ಬೋ 2007ರಿಂದ 2024ರವರೆಗೆ ಒಂದು ವರ್ಷವೂ ಬಿಡದೆ ಗೆದ್ದಿದ್ದು ಮೊಂಟೆಸಾದ ಫೋರ್ ಸ್ಟ್ರೋಕ್ ಮೇಲೆ. ನಾನು ಕೊಂಡಿದ್ದೂ ಮೊಂಟೆಸಾ ಕೋಟಾ ಫೋರ್ ಆರ್ ಟಿ. ಬೈಕಿನ ಮೇಲೆ, ಕಂಪನಿ ಮೇಲೆ ನನ್ನದೇನೂ ದೂರಿಲ್ಲ. ದೂರು ಇರುವುದು ಮಾರಿದವನ ಮೇಲೆ.

ಅವನ ಮನೆ ಲೀಡ್ಸ್‌ನಿಂದ ಎರಡು ಗಂಟೆ ದೂರ. ನವೆಂಬರ್ ಮೊದಲ ಶನಿವಾರ, ಬೆಳಿಗ್ಗೆ ಹತ್ತು ಗಂಟೆ, ಹುಲ್ಲಿನ ಮೇಲೆ ಇನ್ನೂ ಮಂಜು ಗಟ್ಟಿಯಾಗಿತ್ತು. ಗ್ಯಾರೇಜಿಗೆ ಹಸಿರು ಬಾಗಿಲು. ಬೈಕನ್ನು ಹೊರಗೆ ತಂದು ನಿಲ್ಲಿಸಿದ್ದ. ಫಳಫಳ ಹೊಳೆಯುತ್ತಿತ್ತು. ಹೊಸ ಸ್ಟಿಕ್ಕರ್, ಹೊಸ ಮಡ್‌ಗಾರ್ಡ್, ಹಿಂದೆ ಹೊಸ ಟೈರ್. ನನಗೆ ಟೀ ಕೊಟ್ಟ. ಮಗಳ ಫೋಟೋ ತೋರಿಸಿದ. ‘ವಯಸ್ಸಾಯಿತು, ಮೊಣಕಾಲು ನೋವು, ಅದಕ್ಕೇ ಮಾರುತ್ತಿದ್ದೇನೆ’ ಅಂದ. ಒಂದೇ ಕಿಕ್. ಸ್ಟಾರ್ಟ್ ಆಯಿತು. ಎಷ್ಟು ಚಂದದ ಸದ್ದು ಅಂದರೆ ನನಗೆ ಅಲ್ಲೇ ಮನಸ್ಸು ಸೋತಿತು.

ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ಅದೂ ಬೆಚ್ಚಗೆ ಅಲ್ಲ, ಬಿಸಿ. ನಾನೇ ಕೇಳಿದೆ, ‘ಈಗಷ್ಟೇ ಓಡಿಸಿದ್ರಾ?’ ಅಂತ. ಅವನು ನಕ್ಕು ಹೇಳಿದ, ‘ಚಳಿ ಅಲ್ವಾ, ನೀನು ಬರೋ ಹೊತ್ತಿಗೆ ಸ್ವಲ್ಪ ಬೆಚ್ಚಗೆ ಮಾಡಿಟ್ಟೆ.’

ನಾನು ‘ಥ್ಯಾಂಕ್ಸ್’ ಅಂದೆ.

ಆ ಥ್ಯಾಂಕ್ಸ್ ನನ್ನನ್ನು ಈಗಲೂ ಸುಡುತ್ತಿದೆ. ದುಡ್ಡಿಗಿಂತ ಜಾಸ್ತಿ ಅದೇ ಸುಡುತ್ತಿದೆ. ಅವನು ಮುಖದ ಮುಂದೆಯೇ ಮೋಸ ಮಾಡುತ್ತಿದ್ದ, ನಾನು ಅದಕ್ಕೆ ಥ್ಯಾಂಕ್ಸ್ ಹೇಳಿದೆ. ಮೊಬೈಲಿನಲ್ಲೇ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದೆ. ಒಂದು ಚೀಟಿ ಬರೆದುಕೊಟ್ಟ. ‘ಖಾಸಗಿ ಮಾರಾಟ, ಇದ್ದ ಹಾಗೇ ಮಾರಿದೆ’ ಅಂತ. ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಕಿಕ್ ಮಾಡಿದೆ. ಆಗಲಿಲ್ಲ. ಹತ್ತು, ಇಪ್ಪತ್ತು, ನಲವತ್ತು. ಅರವತ್ತಾದ ಮೇಲೆ ಎಣಿಸೋದು ಬಿಟ್ಟೆ. ಕಾಲಿನ ಮೀನಖಂಡ ಹಿಡಿದುಕೊಂಡಿತು. ಪಕ್ಕದ ಮನೆಯವರು ಕಿಟಕಿ ಪರದೆ ಸರಿಸಿ ನೋಡುತ್ತಿದ್ದರು. ಕೊನೆಗೆ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿದೆ. ಒಮ್ಮೆ ಬಿಸಿಯಾದ ಮೇಲೆ ಪುನಃ ಒಂದೇ ಕಿಕ್! ಅದಕ್ಕೇ ನನ್ನ ಮೇಲೇ ನನಗೆ ಅನುಮಾನ ಬಂತು.

ಅವನಿಗೆ ಮೆಸೇಜ್ ಮಾಡಿದೆ. ಉತ್ತರ ಐದೇ ನಿಮಿಷದಲ್ಲಿ ಬಂತು, ತುಂಬಾ ಸ್ನೇಹದಿಂದ. ‘ಫೋರ್ ಸ್ಟ್ರೋಕ್ ಕಿಕ್ ಮಾಡೋಕೆ ಒಂದು ಕೈಚಳಕ ಬೇಕು, ನಿನಗೆ ಹೊಸದು. ಥ್ರಾಟಲ್ ಮುಟ್ಟಬೇಡ. ಪೂರ್ತಿ ಕೆಳಗಿನವರೆಗೆ ಒಂದೇ ಸಲ ಒದೆ.’ ಆ ಮಾತು ನಿಜವೇ. ಈ ಬೈಕಿನಲ್ಲಿ ಬ್ಯಾಟರಿ ಇಲ್ಲ, ಪೆಟ್ರೋಲ್ ಪಂಪಿಗೆ ಬೇಕಾದ ಕರೆಂಟ್ ಕೂಡ ಕಿಕ್‌ನಿಂದಲೇ ಬರಬೇಕು. ಅರ್ಧ ಮನಸ್ಸಿನಿಂದ ಒದ್ದರೆ ಆಗಲ್ಲ. ನಿಜವಾದ ಮಾತನ್ನೇ ಸುಳ್ಳಿಗೆ ಮುಚ್ಚಳ ಮಾಡಿದ್ದ. ನಾನು ನಂಬಿದೆ. ಮೂರು ದಿನ ಬಿಟ್ಟು ಮತ್ತೆ ಕೇಳಿದೆ, ‘ಪ್ಲಗ್ ಬದಲಾಯಿಸು’. ಬದಲಾಯಿಸಿದೆ. ಮತ್ತೆ ಕೇಳಿದೆ, ‘ಪೆಟ್ರೋಲ್ ಹಳೆಯದಿರಬಹುದು’. ಹೊಸದು ಹಾಕಿದೆ. ‘ನೀನಿನ್ನೂ ಕಲಿಯುತ್ತಿದ್ದೀಯ, ಧೈರ್ಯವಾಗಿರು’ ಅಂತ ಕೊನೆಗೊಂದು ಹೆಬ್ಬೆರಳಿನ ಚಿಹ್ನೆ.

ಹದಿನೈದನೇ ದಿನ ನನ್ನ ಮೊದಲ ಟ್ರಯಲ್. ಕಾರ್ ಪಾರ್ಕಿನಲ್ಲಿ ಇಬ್ಬರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಮೊದಲ ಸೆಕ್ಷನ್ ಒಂದು ತೊರೆ. ನೀರಿಗೆ ಇಳಿಯುವಾಗ ಥ್ರಾಟಲ್ ಮುಚ್ಚಿದೆ. ಫೋರ್ ಸ್ಟ್ರೋಕಿಗೆ ಇಂಜಿನ್ ಬ್ರೇಕಿಂಗ್ ಜಾಸ್ತಿ, ಇಳಿಜಾರಲ್ಲಿ ಹಿಂದಿನಿಂದ ಹಿಡಿದು ಎಳೆದ ಹಾಗಾಗುತ್ತದೆ. ಕ್ಲಚ್ ಮೇಲೆ ಒಂದು ಬೆರಳು ಇಟ್ಟುಕೊಂಡೇ ಇರಬೇಕು. ಇಟ್ಟುಕೊಂಡಿದ್ದೆ. ಆದರೂ ಆಫ್. ಐದು ಅಂಕ. ಆಮೇಲೆ ಆ ನೀರಿನಲ್ಲಿ ನಿಂತು ಕಿಕ್, ಕಿಕ್, ಕಿಕ್. ಹಿಂದೆ ಏಳೆಂಟು ಜನ ಸಾಲಾಗಿ ಕಾಯುತ್ತಿದ್ದರು. ಯಾರೂ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತು. ಎರಡನೇ ಸೆಕ್ಷನ್ ಐದು. ಮೂರನೆಯದು ಐದು. ನಾಲ್ಕನೆಯದಕ್ಕೆ ಹೋಗಲೇ ಇಲ್ಲ.

ಕ್ಲಬ್ಬಿನ ಒಬ್ಬ ಹಿರಿಯರು, ಎಪ್ಪತ್ತು ದಾಟಿದವರು, ಬಂದು ನನ್ನ ಪಕ್ಕ ನಿಂತರು. ಬೈಕಿನ ಕಡೆ ನೋಡಲೂ ಇಲ್ಲ. ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ‘ನೋಡೋಕೆ ಹೋದ ದಿನ ಇಂಜಿನ್ ಬಿಸಿ ಇತ್ತಾ?’

ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು. ಹಸಿರು ಬಾಗಿಲು, ಟೀ ಕಪ್ಪು, ಮಂಜು, ಆ ನಗು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ‘ಇತ್ತು’ ಅಂದೆ. ಅವರು ತಲೆ ಆಡಿಸಿದರು, ಅಷ್ಟೇ. ಕಾಲೇಜು ಓದಿದ್ದೇನೆ, ಇಂಜಿನಿಯರ್ ಕೆಲಸ ಮಾಡುತ್ತೇನೆ, ಚಿಕ್ಕಂದಿನಿಂದ ಗಾಡಿ ಓಡಿಸಿದ್ದೇನೆ. ಆದರೂ ಕೈಯಲ್ಲಿ ಮುಟ್ಟಿದ ಬಿಸಿ ತಲೆಗೆ ಹೋಗಲಿಲ್ಲ.

ಆ ರಾತ್ರಿ ಅವನಿಗೆ ನೇರವಾಗಿ ಬರೆದೆ. ಅವನು ಸಿಟ್ಟೇ ಆಗಲಿಲ್ಲ. ‘ಅಯ್ಯೋ, ಹಾಗಾ? ನನಗೆ ಗೊತ್ತಿರುವ ಮೆಕ್ಯಾನಿಕ್ ಇದ್ದಾನೆ, ಫ್ರೀಯಾಗಿ ನೋಡಿಸಿಕೊಡುತ್ತೇನೆ. ಎರಡು ವಾರ ಊರಲ್ಲಿಲ್ಲ, ಬಂದ ಮೇಲೆ ತಂದುಬಿಡು.’ ನನಗೆ ಸಮಾಧಾನ ಆಯಿತು. ಛೆ, ಸುಮ್ನೆ ಅನುಮಾನ ಪಟ್ಟೆ ಅಂದುಕೊಂಡೆ. ಎರಡು ವಾರ ಆಯಿತು. ‘ಇನ್ನೊಂದು ವಾರ ತಡಿ.’ ತಡೆದೆ. ಮೂವತ್ತಾರನೇ ದಿನ ಕೇಳಿದಾಗ ಬಂದ ಉತ್ತರ ಇದು: ‘ನನ್ನ ಹತ್ತಿರ ಇದ್ದಾಗ ಸರಿ ಇತ್ತು. ಇದ್ದ ಹಾಗೇ ಮಾರಿದ್ದೇನೆ. ನೀನು ಏನು ಮಾಡಿಕೊಂಡಿದ್ದೀಯೋ ನನಗೆ ಗೊತ್ತಿಲ್ಲ. ಇನ್ನು ಮೆಸೇಜ್ ಮಾಡಬೇಡ.’ ಹೆಬ್ಬೆರಳಿನ ಚಿಹ್ನೆ ಈ ಸಲ ಇರಲಿಲ್ಲ. ಮರುದಿನ ಬ್ಲಾಕ್.

ಮೂವತ್ತಾರನೇ ದಿನವೇ ಯಾಕೆ ಅಂತ ಆಮೇಲೆ ಗೊತ್ತಾಯಿತು. ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ವ್ಯಾಪಾರಿಯಿಂದ ಕೊಂಡ ವಸ್ತು ಕೆಟ್ಟಿದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ಆಮೇಲೆ ಆದರೆ ಮೊದಲು ರಿಪೇರಿಗೆ ಒಂದು ಅವಕಾಶ ಕೊಡಬೇಕು, ಎಳೆದಾಟ ಶುರು. ಖಾಸಗಿಯಾಗಿ ಕೊಂಡರೆ ಈ ರಕ್ಷಣೆಯೇ ಇಲ್ಲ. ಅವನು ಖಾಸಗಿ ಅಂತ ನಾನು ನಂಬಿದ್ದೆ. ಒಂದು ರಾತ್ರಿ ನಿದ್ದೆ ಬರದೆ ಮಾರಾಟದ ಜಾಹೀರಾತು ನೋಡುತ್ತಾ ಹೋದೆ. ಒಂದು ಬೈಕಿನ ಹಿಂದೆ ಅದೇ ಹಸಿರು ಬಾಗಿಲು. ಇನ್ನೊಂದರ ಹಿಂದೆಯೂ ಅದೇ. ಬೇರೆ ಬೇರೆ ಹೆಸರು, ಬೇರೆ ಬೇರೆ ನಂಬರು, ಒಟ್ಟು ಐದು ಬೈಕ್. ಒಂದರಲ್ಲಿ ‘ಮೊಣಕಾಲು ನೋವು, ಅದಕ್ಕೇ ಮಾರಾಟ’ ಅಂತಲೇ ಇತ್ತು. ಓದಿ ಮೈಯೆಲ್ಲ ಉರಿಯಿತು. ವ್ಯಾಪಾರಿಯೇ, ಮನೆಯವನ ವೇಷ ಹಾಕಿಕೊಂಡು ಕೂತಿದ್ದಾನೆ.

ಆ ಹಿರಿಯರೇ ತಮ್ಮ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿದರು. ಮೊದಲು ಏರ್ ಫಿಲ್ಟರ್. ಸ್ಪಂಜು ಒಂದು ಕಡೆ ಹರಿದಿತ್ತು, ಒಳಗಿನ ಗೋಡೆಯಲ್ಲಿ ಒಣಗಿದ ಕೆಸರಿನ ಗೆರೆ. ಆ ದೂಳೆಲ್ಲ ಇಂಜಿನ್ ಕುಡಿದಿತ್ತು. ಆಮೇಲೆ ವಾಲ್ವ್, ಅಂದರೆ ಇಂಜಿನ್ ಒಳಗೆ ಗಾಳಿ-ಪೆಟ್ರೋಲ್ ಬಿಡೋ, ಹೊಗೆ ಹೊರಗೆ ಬಿಡೋ ಬಾಗಿಲು. ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಇರಬೇಕಾದ ಗ್ಯಾಪ್ ನೋಡೋ ತೆಳು ಪಟ್ಟಿಯನ್ನು ನನ್ನ ಕೈಗೇ ಕೊಟ್ಟು ‘ತೂರಿಸು’ ಅಂದರು. ಒಳಗೆ ಬಿಡುವ ಎರಡೂ ವಾಲ್ವಿನಲ್ಲಿ ಅತಿ ತೆಳು ಪಟ್ಟಿಯೂ ಹೋಗಲಿಲ್ಲ. ಗ್ಯಾಪೇ ಇಲ್ಲ. ವಾಲ್ವ್ ಮತ್ತು ಅದು ಕೂರುವ ಜಾಗ ಸವೆದಾಗ ವಾಲ್ವ್ ಮೇಲಕ್ಕೆ ಏರುತ್ತಾ ಹೋಗುತ್ತದೆ. ಕೊನೆಗೆ ಪೂರ್ತಿ ಮುಚ್ಚುವುದೇ ಇಲ್ಲ, ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಸೋರುತ್ತದೆ. ತಣ್ಣಗಿರುವಾಗ ಒದ್ದು ಒದ್ದು ಸಾಯಬೇಕು, ಬಿಸಿಯಾದ ಮೇಲೆ ಹೇಗೋ ಸ್ಟಾರ್ಟ್ ಆಗುತ್ತದೆ. ಬೈಕ್ ಮುಂಚೆಯೇ ಬಿಸಿ ಮಾಡಿಟ್ಟಿದ್ದವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ. ಈ ಬೈಕಿನಲ್ಲಿ ಇಂಜಿನ್ ಆಯಿಲ್ ಬೇರೆ, ಗೇರ್‌ಬಾಕ್ಸ್ ಆಯಿಲ್ ಬೇರೆ. ಎರಡೂ ಟಾರಿನ ಹಾಗಿತ್ತು. ಹೊಸ ಸ್ಟಿಕ್ಕರಿಗೆ ದುಡ್ಡಿತ್ತು, ಅರ್ಧ ಲೀಟರ್ ಆಯಿಲಿಗೆ ಇರಲಿಲ್ಲ.

ರಿಪೇರಿಗೆ 780 ಪೌಂಡ್ ಆಯಿತು. ಹಿರಿಯರು ಕೂಲಿ ತೆಗೆದುಕೊಳ್ಳಲಿಲ್ಲ, ಬರೀ ಸಾಮಾನು ಮತ್ತು ಇಂಜಿನ್ನಿನ ಮೇಲ್ಭಾಗದ (ಹೆಡ್) ಕೆಲಸದ ಖರ್ಚು. ಅವನಿಗೆ ರಿಜಿಸ್ಟರ್ ಅಂಚೆಯಲ್ಲಿ ಪತ್ರ ಹಾಕಿದ್ದೇನೆ, ಐದೂ ಜಾಹೀರಾತಿನ ಚಿತ್ರ ಜೊತೆಗಿಟ್ಟು. ಉತ್ತರ ಇಲ್ಲ. ಸಣ್ಣ ಮೊತ್ತದ ಕೋರ್ಟಿಗೆ ಹೋಗೋದು ಅಂತ ತೀರ್ಮಾನ ಮಾಡಿದ್ದೇನೆ. ಸಿಗುತ್ತೋ ಬಿಡುತ್ತೋ, ಬಿಡಲ್ಲ.

ಬೈಕ್ ಈಗ ಮಂಜಿನ ಬೆಳಿಗ್ಗೆಯೂ ಎರಡನೇ ಕಿಕ್‌ಗೆ ಬರುತ್ತದೆ. ಹೋದ ಭಾನುವಾರ ಅದೇ ತೊರೆಯ ಸೆಕ್ಷನ್‌ನಲ್ಲಿ ಒಂದೇ ಸಲ ಕಾಲು ಊರಿದೆ. ಪಾಚಿ ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರದೆ ಮೆಲ್ಲಗೆ ಕಚ್ಚಿಕೊಂಡು ಹತ್ತಿತು. ಎಲ್ಲರೂ ಹೇಳಿದ ಆ ಹಿಡಿತ ಇದೇ ಅಂತ ಆಗ ಗೊತ್ತಾಯಿತು. ಖುಷಿಯಾಗಬೇಕಿತ್ತು. ಇಷ್ಟು ಒಳ್ಳೆಯ ಗಾಡಿಯನ್ನು ಹಾಗೆ ಹಾಳು ಮಾಡಿದನಲ್ಲ ಅಂತ ಇನ್ನೂ ಸಿಟ್ಟು ಬಂತು.

ಕೊಳ್ಳುವವರಿಗೆ ನಾನು ಹೇಳೋದು ಇಷ್ಟೇ. ಹಿಂದಿನ ದಿನವೇ ಫೋನ್ ಮಾಡಿ, ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ಕೂಡಲೇ ಮುಟ್ಟಿ ನೋಡಿ. ಏರ್ ಫಿಲ್ಟರ್ ತೆಗೆಸಿ ನೋಡಿ, ಐದು ನಿಮಿಷದ ಕೆಲಸ. ವಾಲ್ವ್ ಗ್ಯಾಪ್ ಯಾವಾಗ ನೋಡಿಸಿದ್ದು ಅಂತ ಕೇಳಿ, ತಡವರಿಸಿದರೆ ಎದ್ದು ಬನ್ನಿ. ಮೆಸೇಜಿನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ 30 ದಿನ ದಾಟಲು ಬಿಡಬೇಡಿ. ಟೀ ಕೊಟ್ಟರೆ ಕುಡಿಯಿರಿ, ಥ್ಯಾಂಕ್ಸ್ ಮಾತ್ರ ಬೈಕ್ ತಣ್ಣಗೆ ಸ್ಟಾರ್ಟ್ ಆದ ಮೇಲೆ ಹೇಳಿ.

ಹಸಿರು ಬಾಗಿಲಿನ ಮುಂದೆ ನಿಂತ ಒಂದು ಕೆಂಪು ಫೋರ್ ಸ್ಟ್ರೋಕ್ ಇವತ್ತು ಬೆಳಿಗ್ಗೆಯೂ ಮಾರಾಟಕ್ಕಿತ್ತು. ‘ಒಂದೇ ಕಿಕ್‌ಗೆ ಸ್ಟಾರ್ಟ್’ ಅಂತ ಬರೆದಿದ್ದಾನೆ. ಉತ್ತರ ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರಾದರೂ ಅಂಥದ್ದು ನೋಡೋಕೆ ಹೊರಟರೆ ನನಗೆ ಒಂದು ಮಾತು ತಿಳಿಸಿ. ಶನಿವಾರ ನನಗೆ ರಜೆ, ಜೊತೆಗೆ ಬರುತ್ತೇನೆ.