ಕೆಲ್ಮ್‌ಸ್ಕಾಟ್, ಸ್ಟ್ಯಾಂಡನ್: ಮೊದಲು ಯಾವುದು?

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಕಾಲದ ಗ್ರಾಮೀಣ ವಾಸ್ತುವನ್ನು ನೋಡಲು ಒಂದೇ ದಿನದ ಬಿಡುವಿರುವವರು ಸಸೆಕ್ಸ್‌ನ ಸ್ಟ್ಯಾಂಡನ್ ಎಂಬ ಮನೆಗೆ ಹೋಗುವುದು ಒಳಿತೆಂದು ನನ್ನ ಖಚಿತ ಅಭಿಪ್ರಾಯ. 1890ರ ದಶಕದಲ್ಲಿ ಇದನ್ನು ರೂಪಿಸಿದ ವಾಸ್ತುಶಿಲ್ಪಿ ಫಿಲಿಪ್ ವೆಬ್ ಅವರು ಅಲ್ಲಿದ್ದ ಹಳೆಯ ಒಕ್ಕಲುಮನೆಯನ್ನು ಕೆಡವದೆ, ಅದರ ಮಗ್ಗುಲಿಗೇ ಇಟ್ಟಿಗೆ, ಮರಳುಗಲ್ಲು, ಗೋಡೆಗೆ ಹೊದಿಸಿದ ಹೆಂಚುಗಳನ್ನು ಹದವರಿತು ಬೆರೆಸಿ ಹೊಸ ಮನೆಯನ್ನು ಕಟ್ಟಿಸಿದರು; ಕಲ್ಲು ತೆಗೆದ ಗುಂಡಿಯೇ ಈಗ ಜರೀಗಿಡಗಳ ತಂಪು ತೋಟವಾಗಿದೆ.

ಸುಮಾರು 1600ರಲ್ಲಿ ಕಟ್ಟಿದ, ಆಕ್ಸ್‌ಫರ್ಡ್‌ಶೈರ್‌ನ ಕೆಲ್ಮ್‌ಸ್ಕಾಟ್ ಮನೆಯನ್ನು ವಿನ್ಯಾಸಕಾರ ವಿಲಿಯಂ ಮಾರಿಸ್ ಅವರು 1871ರಲ್ಲಿ ಬಾಡಿಗೆಗೆ ಪಡೆದರು. ಅದರ ಸೊಗಸು ಮಾಡಿನಲ್ಲಿದೆ: ಸೂರಿನಂಚಿನಲ್ಲಿ ದೊಡ್ಡ ಕಲ್ಲುಹಲಗೆಗಳು, ಮೇಲೇರಿದಂತೆ ಸಣ್ಣವು. ತೋಟದಲ್ಲಿ ಸ್ಟ್ರಾಬೆರಿ ಕದಿಯುತ್ತಿದ್ದ ಹಕ್ಕಿಗಳು ಅವರ 1883ರ ಹೆಸರಾಂತ ಬಟ್ಟೆಯ ವಿನ್ಯಾಸಕ್ಕೆ ಪ್ರೇರಣೆಯಾದುದರಿಂದ, ಕಟ್ಟಡಕ್ಕಿಂತ ಕುಸುರಿಯನ್ನು ಹೆಚ್ಚು ಪ್ರೀತಿಸುವವರು ಇದನ್ನೇ ಮೊದಲು ನೋಡಬಹುದು.