ಆಪ್ತಸಮಾಲೋಚನೆ, ಕಾಸರಗೋಡು ಹೊಸ ಬಸ್ ನಿಲ್ದಾಣದ ಬಳಿ: ಒಬ್ಬ ತಂದೆಯ ಅನುಭವ

ಮಗ ತಾನು ಸಲಿಂಗಿ ಎಂದು ಹೇಳಿದ ಮೇಲೆ ನಾನೂ ನನ್ನ ಹೆಂಡತಿಯೂ ನಾಲ್ಕು ಸಲ ಹೋಗಿ ಬಂದ ಕೇಂದ್ರವಿದು. ಹೊಸ ಬಸ್ ನಿಲ್ದಾಣದಿಂದ ಐದು ನಿಮಿಷದ ನಡಿಗೆ, ಎರಡನೆಯ ಮಹಡಿ. ಫೋನಿನಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಸುಮಾರು ಒಂದು ಗಂಟೆಗೆ 500 ರೂಪಾಯಿ.

ಇಲ್ಲಿಗೆ ಬರುವ ಮೊದಲು ನಾನೊಂದು ತಪ್ಪು ಮಾಡಿದ್ದೆ. ದೂರದ ಊರಿನ ಚಿಕಿತ್ಸಕರೊಬ್ಬರು ಒಂದು ಮಂಡಲ, ಅಂದರೆ 48 ದಿನ, ಔಷಧ ತೆಗೆದುಕೊಂಡರೆ ಹುಡುಗ 'ಸರಿಯಾಗುತ್ತಾನೆ' ಎಂದಾಗ ನಂಬಿ 8,000 ರೂಪಾಯಿ ಕೊಟ್ಟೆ. ಮಗ ನನ್ನ ಮಾತಿಗೆ ಕಟ್ಟುಬಿದ್ದು ಆ ಗುಳಿಗೆಗಳನ್ನು ನುಂಗಿ, ಹಗಲೆಲ್ಲ ಮಂಪರಿನಲ್ಲಿ ಮಲಗಿ, ಊಟ ಸೇರದೆ ಸೊರಗಿಹೋದ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಲ್ಲಿನ ಸಮಾಲೋಚಕಿ ಉಪ್ಪಳದ ಕಡೆಯವರು, ಮುಸ್ಲಿಂ ಹೆಣ್ಣುಮಗಳು, ಕನ್ನಡವನ್ನು ಚೆನ್ನಾಗಿ ಮಾತನಾಡುತ್ತಾರೆ. ನಾವು ಮೊದಲು ಹೋದದ್ದು ರಂಜಾನ್ ತಿಂಗಳಲ್ಲಿ. ಉಪವಾಸವಿದ್ದರೂ ನಮಗೆ ತಾವೇ ನೀರು ತಂದುಕೊಟ್ಟು ಕೂರಿಸಿದರು. ದೇವರ ಮೇಲೆ ನಂಬಿಕೆಯಿರುವವರ ಮುಂದೆ ಕುಳಿತಿದ್ದೇನೆ ಎಂಬ ಸಮಾಧಾನದಿಂದ, ಶಾಸ್ತ್ರ ಇದನ್ನು ಒಪ್ಪುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. "ಅದಕ್ಕೆ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಇದು ಕಾಯಿಲೆಯೇ ಎಂದು ಕೇಳಿ, ಅಲ್ಲವೆಂದು ಹೇಳುತ್ತೇನೆ" ಎಂದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದದ್ದನ್ನೂ, ಇದನ್ನು 'ಬದಲಾಯಿಸುವ' ಚಿಕಿತ್ಸೆ ವೈದ್ಯರ ಮಟ್ಟಿಗೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದ್ದನ್ನೂ ಅವರಿಂದಲೇ ತಿಳಿದೆ. ಪೊಲೀಸರ ಭಯದಲ್ಲಿದ್ದ ನನ್ನ ಹೆಂಡತಿಗೆ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರಿಬ್ಬರು ಒಪ್ಪಿ ಕೂಡಿರುವುದು ಅಪರಾಧವಲ್ಲವೆಂದು ವಿವರಿಸಿದರು. ಮದುವೆಗೆ ಕಾನೂನಿನ ಮನ್ನಣೆ ಇಲ್ಲ, 2023ರಲ್ಲಿ ಅದೇ ನ್ಯಾಯಾಲಯ ಅದನ್ನು ಕೊಡಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಆದರೆ ನನ್ನನ್ನು ಕದಲಿಸಿದ್ದು ಅವರ ಇನ್ನೊಂದು ಪ್ರಶ್ನೆ: "ಮಗನಿಗಾಗಿ ದೇವರಲ್ಲಿ ಏನು ಕೇಳಿಕೊಳ್ಳುತ್ತೀರಿ?" ನನಗೆ ಉತ್ತರ ಹೊಳೆಯಲಿಲ್ಲ. ಸಂಕಷ್ಟ ಚತುರ್ಥಿಗೆ ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಿ ಮನೆಯವರೆಲ್ಲರ ಹೆಸರು, ನಕ್ಷತ್ರ ಹೇಳಿ ಗಣಹೋಮದ ರಶೀದಿ ಮಾಡಿಸುವುದು ನನ್ನ ಇಪ್ಪತ್ತು ವರ್ಷದ ರೂಢಿ. ಮಗ ವಿಷಯ ತಿಳಿಸಿದ ಮೇಲೆ ಮೂರು ತಿಂಗಳು ಅವನ ಹೆಸರನ್ನು ಹೇಳಿರಲಿಲ್ಲ. ಅದನ್ನು ಹೇಳಿಕೊಳ್ಳುವಾಗ ನನ್ನ ಗಂಟಲು ಕಟ್ಟಿತು. ಅವರು ಉಪದೇಶಕ್ಕೆ ಇಳಿಯದೆ, ನಾನು ಸುಧಾರಿಸಿಕೊಳ್ಳುವವರೆಗೂ ಸುಮ್ಮನೆ ಕುಳಿತಿದ್ದರು. ಭಕ್ತಿಯನ್ನು ಬದಿಗಿಟ್ಟು ಬನ್ನಿ ಎಂದು ನಾಲ್ಕು ಭೇಟಿಗಳಲ್ಲಿ ಒಮ್ಮೆಯೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಎರಡನೆಯ ಸಲ ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಮಂಜೇಶ್ವರದ ಉದ್ಯಾವರದಲ್ಲಿ ದೈವದ ಕಡೆಯವರು ಜಾತ್ರೆಗೆ ಕರೆಯಲು ಮಸೀದಿಗೆ ಹೋಗುವ ಸಂಪ್ರದಾಯವನ್ನು ಬಾಲ್ಯದಿಂದ ಕಂಡ ನಾನು, ಹೆತ್ತ ಮಗನನ್ನೇ ಸಂಕಲ್ಪದಿಂದ ಹೊರಗಿಟ್ಟಿದ್ದೆ.

ಮುಂದಿನ ಸಂಕಷ್ಟಿಗೆ ಕೌಂಟರಿನಲ್ಲಿ ಮಗನ ಹೆಸರು ಹೇಳಿದೆ. ಅವನ ಸಂಗಾತಿ ಬೇಳ ಇಗರ್ಜಿಗೆ ಸೇರಿದ ಕ್ರೈಸ್ತ ಹುಡುಗ. ಅವನ ಹೆಸರನ್ನೂ ಹೇಳಿದೆ. ನಕ್ಷತ್ರ ಗೊತ್ತಿಲ್ಲವೆಂದಾಗ ಗುಮಾಸ್ತರು ತಲೆಯಾಡಿಸಿ ಹೆಸರನ್ನಷ್ಟೇ ಬರೆದುಕೊಂಡರು. ಆ ಭಾನುವಾರ ಇಬ್ಬರೂ ಮನೆಗೆ ಬಂದಾಗ ಅಪ್ಪದ ಪ್ರಸಾದವನ್ನು ಅವರ ಕೈಗಿತ್ತೆ.

ಕೇಂದ್ರದಲ್ಲಿ ಸುಧಾರಿಸಬೇಕಾದದ್ದೂ ಇದೆ. ಲಿಫ್ಟ್ ಇಲ್ಲ, ಮಂಡಿನೋವಿನ ನನ್ನ ಹೆಂಡತಿಗೆ ಪ್ರತಿ ಸಲವೂ ತ್ರಾಸವಾಯಿತು. ನೋಂದಣಿ ಅರ್ಜಿ ಮಲಯಾಳದಲ್ಲಿ ಮಾತ್ರ ಇದೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಪರವಾಗಿ ಸಮಾಲೋಚಕಿಯೇ ತುಂಬಿಸಿದರೂ, ಇಷ್ಟು ಕನ್ನಡಿಗರಿರುವ ಊರಿನಲ್ಲಿ ಕನ್ನಡದ ಅರ್ಜಿಯನ್ನೂ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಮಾತು ಕಾಯುವ ಕೋಣೆಗೆ ಕೇಳಿಸುತ್ತದೆ. ಬಾಯಿಬಿಟ್ಟು ಹೇಳಿಕೊಳ್ಳಲು ತಿಂಗಳುಗಟ್ಟಲೆ ಹೆದರಿದವರು ಬರುವ ಜಾಗವಾದ್ದರಿಂದ, ಆ ಹಲಗೆಯ ಗೋಡೆಯನ್ನು ಬೇಗ ಭದ್ರಪಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.