ಪ್ರಿಂಟ್ ಗಟ್ಟಿ, ಕಾಲರ್ ಸಡಿಲ: ರಾಜ್ಯೋತ್ಸವದ ಟೀ ಶರ್ಟ್, ಎರಡು ವರ್ಷದ ಬಳಕೆಯ ನಂತರ

ನವೆಂಬರ್ 1ಕ್ಕೆ ಅಂತ ನಮ್ಮ ಬಡಾವಣೆಯ ಗೆಳೆಯರು ಸೇರಿ ಮಾಡಿಸಿದ ಟೀ ಶರ್ಟ್ ಇದು. ಹಳದಿ ಬಟ್ಟೆ, ಎದೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಕನ್ನಡ’. ಒಂದಕ್ಕೆ 350 ರೂಪಾಯಿ. ಅದಕ್ಕಿಂತ ಜಾಸ್ತಿ ಕೊಡಲು ಯಾರೂ ತಯಾರಿರಲಿಲ್ಲ.

ನನಗೆ ಭಯ ಇದ್ದದ್ದು ಪ್ರಿಂಟಿನದ್ದೇ. ಹಿಂದೆ ಕೊಂಡಿದ್ದ ಸ್ಟಿಕ್ಕರ್ ಪ್ರಿಂಟ್ ಅಂಚಿನಿಂದ ಸುಲಿದು ಬಂದಿತ್ತು. ಇದು ಸ್ಕ್ರೀನ್ ಪ್ರಿಂಟ್, ಪ್ಲಾಸ್ಟಿಸಾಲ್ ಅನ್ನುವ ಪ್ಲಾಸ್ಟಿಕ್ ಅಂಶದ ಇಂಕ್. ಈ ಇಂಕಿಗೆ ಸುಮಾರು 160 ಡಿಗ್ರಿ ಬಿಸಿ ತಾಗಬೇಕು. ಕಡಿಮೆಯಾದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹದ ಬಂದಿರುವುದಿಲ್ಲ. ಪ್ರಿಂಟ್ ಇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬಿರುಕು ಬಿಡುತ್ತದೆ. ತಂದ ದಿನವೇ ಎಳೆದು ನೋಡಿದೆ, ಏನೂ ಆಗಲಿಲ್ಲ. ಇವತ್ತಿಗೂ ಆ ಒತ್ತಕ್ಷರದ ಸಣ್ಣ ತಿರುವು ಹಾಗೇ ಇದೆ. ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಒಗೆಯುವುದು ನಾನೇ. ಒಳಗು ಹೊರಗು ಮಾಡಿ ತಣ್ಣೀರಿನ ಬಕೆಟ್‌ನಲ್ಲಿ ನೆನೆಸುತ್ತೇನೆ. ಬ್ರಷ್ ತಾಗಿಸುವುದಿಲ್ಲ, ಒಗೆಯುವ ಕಲ್ಲಿಗೆ ಬಡಿಯುವುದಿಲ್ಲ, ಕೈಯಲ್ಲೇ ಉಜ್ಜುತ್ತೇನೆ. ನೆರಳಲ್ಲಿ ಒಣಗಿಸಿ, ಉಲ್ಟಾ ಇದ್ದಾಗಲೇ ಇಸ್ತ್ರಿ ಹಾಕುತ್ತೇನೆ. ಇಸ್ತ್ರಿ ಪೆಟ್ಟಿಗೆ ನೇರವಾಗಿ ಪ್ರಿಂಟಿಗೆ ತಾಗಿದರೆ ಇಂಕ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ಇಷ್ಟು ಜೋಪಾನ ಮಾಡಿದರೂ ಕಾಲರ್ ಕೈಕೊಟ್ಟಿತು! ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅಲೆಅಲೆಯಾಗಿ ಜೋತುಬಿತ್ತು. ಕತ್ತಿನ ಪಟ್ಟಿಯಲ್ಲಿ ಲೈಕ್ರಾ (ರಬ್ಬರಿನಂತೆ ಹಿಗ್ಗಿ ಕುಗ್ಗುವ ನೂಲು) ಇಲ್ಲ, ಬರೀ ಹತ್ತಿ. ಎಳೆದದ್ದು ಮತ್ತೆ ಹಿಂದಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಕಡೆಗೆ ಬಂದಿದೆ. 180 ಜಿಎಸ್ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಬಟ್ಟೆ ಇನ್ನೂ ದಪ್ಪಗೆ ಚೆನ್ನಾಗಿದೆ, ಬಣ್ಣವೂ ಮಾಸಿಲ್ಲ. ಆದರೂ ಹೊರಗೆ ಹಾಕಿಕೊಂಡು ಹೋಗಲು ಮನಸ್ಸು ಬರುವುದಿಲ್ಲ. ಬೇಜಾರಾಗುತ್ತೆ ಅಲ್ವಾ?

ಆರ್ಡರ್ ಕೊಡುವ ಮುಂಚೆ ಗ್ರೂಪಿನಲ್ಲಿ ಅಕ್ಷರದ ಶೈಲಿ, ಕೆಂಪಿನ ಛಾಯೆ ಅಂತ ರಾತ್ರಿಯೆಲ್ಲ ಚರ್ಚೆ ನಡೆಯುತ್ತದೆ. ಅಂಗಡಿಯವರೂ ಪ್ರಿಂಟಿನ ಸ್ಯಾಂಪಲ್ಲನ್ನೇ ತೋರಿಸುತ್ತಾರೆ. ನೀವು ಮಾತ್ರ ಹೊಲಿದ ಟೀ ಶರ್ಟನ್ನೇ ಕೈಗೆ ತೆಗೆದುಕೊಳ್ಳಿ. ಕಾಲರನ್ನು ತಲೆ ತೂರುವಷ್ಟು ಎಳೆದು ಬಿಡಿ. ತಕ್ಷಣ ಮೊದಲಿನ ಅಳತೆಗೆ ಬರಬೇಕು. ಸಾಧ್ಯವಾದರೆ ಅದೊಂದನ್ನು ಮನೆಗೆ ತಂದು ಒಗೆದು, ಪಕ್ಕದ ಹೊಲಿಗೆ ನೆಟ್ಟಗಿದೆಯಾ ನೋಡಿ.

ಪ್ರಿಂಟಿಗೆ 5ಕ್ಕೆ 5, ಬಟ್ಟೆಗೆ 4, ಹೊಲಿಗೆಗೆ 2. ಅದೇ ಅಂಗಡಿಗೆ ಮತ್ತೆ ಹೋಗುತ್ತೇನೆ, ಅಂಥ ಪ್ರಿಂಟ್ ಬಿಡಲು ಮನಸ್ಸಿಲ್ಲ. ಲೈಕ್ರಾ ಸೇರಿದ ಕಾಲರಿಗೆ ಮೇಲೆ 30-40 ರೂಪಾಯಿ ಕೇಳಿದರೂ ಕೊಡುತ್ತೇನೆ.